ಜಟ್ಟಣ್ಣನ ಕೋಚುಗಿರಿ

ಬೆಳಗಿನ ವಾಕಿಂಗಿಗೆ ಹೊರಡುವ ಮುಂಚೆ ನಾನು ಬೂಟಿನ ಲೇಸು ಕಟ್ಟುವುದನ್ನು ನೋಡಿ ನಮ್ಮ ಕೇರಿಯವರು ನಗುತ್ತಾರೆ. ಎಲ್ಲರ ಹಾಗೆ ಮೇಲೊಂದು ಗಂಟು ಬಿಗಿದು ನಡೆದುಬಿಟ್ಟರೆ ನನಗೆ ಸಮಾಧಾನವಿಲ್ಲ. ಲೇಸಿನ ತುದಿಗಳನ್ನು ಜಗ್ಗಿ, ಅಂಗಾಲಿನ ಕೆಳಗಿನಿಂದ ಒಂದು ಸುತ್ತು ತಂದು, ಹಿಮ್ಮಡಿಯ ಮೇಲೆ ಇನ್ನೊಂದು ಸುತ್ತು ಹಾಕಿ, ಗಂಟನ್ನು ಪಾದದ ಹೊರಮಗ್ಗುಲಿಗೇ ಕಟ್ಟಬೇಕು. ಗಂಟು ಮೇಲಕ್ಕೆ ಬಂದರೆ ಒದ್ದ ಚೆಂಡು ದಿಕ್ಕು ತಪ್ಪುತ್ತದೆ. ಈ ಪ್ರಾಯದಲ್ಲಿ ನಾನು ಒದೆಯಬೇಕಾದ ಚೆಂಡು ಎಲ್ಲಿದೆ ಎಂದು ಕೇರಿಯವರು ಕೇಳುತ್ತಾರೆ. ಹೆಂಡತಿಯೂ ಕೇಳಿ ಕೇಳಿ ಬಿಟ್ಟಿದ್ದಾಳೆ. ಕೆಲವರಿಗೆ ಚಿಕ್ಕಂದಿನಲ್ಲಿ ಕಲಿತ ಮಗ್ಗಿ ನಾಲಿಗೆಗೆ ಅಂಟಿಕೊಂಡಿರುತ್ತದೆ. ನನಗೆ ಈ ಗಂಟು ಕೈಗೆ ಅಂಟಿಕೊಂಡಿದೆ. ಅಂಟಿಸಿದವನು ಜಟ್ಟಣ್ಣ.

ನಾನು ಮೊದಲ ಸಲ ಬೂಟು ಹಾಕಿದ್ದೇ ಮೀಸೆ ಬಂದ ಮೇಲೆ. ನಮ್ಮೂರು ಹಿರೇಗುತ್ತಿಯಲ್ಲಿ ಆಗ ಬೂಟು ಕಾಣುತ್ತಿದ್ದದ್ದು ಪೊಲೀಸರ ಕಾಲಲ್ಲಿ ಮಾತ್ರ. ನನ್ನ ಅಪ್ಪನಿಗೆ ಒಂದು ಜೊತೆ ಚರ್ಮದ ಚಪ್ಪಲಿ ಇತ್ತು. ಕುಮಟೆಯ ಕೋರ್ಟಿಗೆ ಹೋಗುವಾಗ ಅದನ್ನು ಕೈಯಲ್ಲಿ ಹಿಡಿದುಕೊಂಡು ನಡೆದು, ಕೋರ್ಟಿನ ಮೆಟ್ಟಿಲ ಹತ್ತಿರ ಕಾಲಿಗೆ ಹಾಕಿಕೊಳ್ಳುತ್ತಿದ್ದ. ಅಂಥ ಮನೆಯಿಂದ ಬಂದ ನನ್ನ ಕಾಲಿಗೆ, ಮುಂಬಯಿಯಲ್ಲಿ ಯಾರೋ ಆಡಿ ಬಿಟ್ಟು, ಗೋಣಿಚೀಲದಲ್ಲಿ ಹೊನ್ನಾವರಕ್ಕೆ ಬಂದ ಬೂಟು. ಮೊದಲ ದಿನ ನಾವು ಹನ್ನೊಂದು ಮಂದಿ ಗದ್ದೆಗಿಳಿದ ಕೊಕ್ಕರೆಗಳ ಹಾಗೆ ಕಾಲೆತ್ತಿ ಕಾಲೆತ್ತಿ ಇಟ್ಟೆವು. ಬೇಲಿಯಾಚೆ ನಿಂತವರಿಗೆ ಅದೇ ಒಂದು ಬಯಲಾಟ.

ಜಟ್ಟಣ್ಣ ನಗಲಿಲ್ಲ. ಒಬ್ಬೊಬ್ಬರ ಮುಂದೆಯೂ ಕುಕ್ಕರುಗಾಲಿನಲ್ಲಿ ಕೂತು, ಪಾದವನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ಲೇಸು ಕಟ್ಟಿದ. ನನಗಿಂತ ಎಷ್ಟೋ ದೊಡ್ಡವನು. ನಾನು ನಾಚಿ ಕಾಲು ಹಿಂದೆಗೆದೆ.

"ಕಾಲು ಕೊಡೋ ತಮಾ," ಅಂದ. "ಇದು ನಿನ್ ಕಾಲಲ್ಲ, ಟೀಮಿನ ಕಾಲು."

ನಾನು ಕೊಟ್ಟೆ. ಆಮೇಲೆ ವರ್ಷಗಟ್ಟಲೆ ಅದು ಟೀಮಿನ ಕಾಲಾಗಿಯೇ ಉಳಿಯಿತು.

ಈ ಜಟ್ಟಣ್ಣ ಭಟ್ಕಳದ ಸಮುದ್ರ ದಂಡೆಯ ಮೀನುಗಾರರ ಮನೆಯವನು. ಎಳೆ ಪ್ರಾಯದಲ್ಲೇ ಮಚವೆ ಎಂಬ ಹಾಯಿಹಡಗು ಏರಿ ಮುಂಬಯಿಗೆ ಹೋಗಿದ್ದ. ಅಲ್ಲಿ ಬಂದರಿನಲ್ಲಿ ಕೂಲಿ ಮಾಡುತ್ತಿದ್ದವನ ಆಟ ನೋಡಿ ಒಂದು ಬಟ್ಟೆಗಿರಣಿಯವರು ಕರೆದು ಕೆಲಸ ಕೊಟ್ಟರು. ಹೆಸರಿಗೆ ಗಿರಣಿಯ ಕೆಲಸ, ಮಾಡುವುದು ಫುಟ್‌ಬಾಲು. ಒಂದು ದಿನ ಮೊಣಕಾಲು ತಿರುಚಿತು. ಗಿರಣಿಗೆ ಅವನ ಕಾಲು ಬೇಡವಾದ ಮೇಲೆ ಅವನೂ ಬೇಡವಾದ. ಊರಿಗೆ ಬಂದ. ನಮ್ಮ ಜಿಲ್ಲೆ ಮುಂಬಯಿಯಿಂದ ಬಿಡಿಸಿಕೊಂಡು ಮೈಸೂರಿಗೆ ಸೇರಿದ ಹೊಸತು ಅದು. ಅವನೂ ಹಾಗೇ ಮುಂಬಯಿಯಿಂದ ಬಿಡಿಸಿಕೊಂಡು ಬಂದ.

ಹೊನ್ನಾವರದಲ್ಲಿ ಮರದ ಮಿಲ್ಲಿನ ಸಾಹುಕಾರರೊಬ್ಬರಿದ್ದರು. ಅವರಿಗೆ ಕುಮಟೆಯಲ್ಲಿ ಒಬ್ಬ ಭಾವ. ಕುಮಟೆಯ ಶೀಲ್ಡ್ ಪಂದ್ಯದಲ್ಲಿ ಹೊನ್ನಾವರ ಪ್ರತಿ ವರ್ಷ ಸೋಲುತ್ತಿತ್ತು, ಪ್ರತಿ ವರ್ಷ ಭಾವ ಊಟದ ಎಲೆಯ ಮುಂದೆ ಅದನ್ನು ನೆನಪಿಸುತ್ತಿದ್ದ. ತಡೆಯಲಾರದೆ ಸಾಹುಕಾರರು ಜಟ್ಟಣ್ಣನನ್ನು ಕರೆಸಿ, ತಿಂಗಳ ಸಂಬಳವೂ ಮಿಲ್ಲಿನ ಹಿಂದೆ ಒಂದು ಕೋಣೆಯೂ ಕೊಟ್ಟು ಟೀಮಿಗೆ ಕೋಚ್ ಮಾಡಿದರು. ಕೋಚ್ ಎಂಬ ಶಬ್ದ ನಮ್ಮ ಕಡೆ ಯಾರೂ ಕೇಳಿದ್ದಲ್ಲ. ಕೊಚ್ಚಿಯಿಂದ ಬಂದವನಿರಬೇಕು ಎಂದು ಕೆಲವರು ಅಂದಾಜು ಮಾಡಿದರು. ವಿಷಯ ತಿಳಿದ ಮೇಲೆ ಇನ್ನೂ ಗೊಂದಲ. "ಚೆಂಡು ಒದೆಯೂಕೆ ಹೇಳ್ಕೊಡೂದಕ್ಕೂ ಸಂಬಳವಾ? ಕತ್ತೆಗೆ ಯಾರು ಹೇಳ್ಕೊಟ್ರು?" ಎಂದು ಚಾದಂಗಡಿಯಲ್ಲಿ ಕೇಳುತ್ತಿದ್ದರು.

ನಾನಾಗ ಹೊನ್ನಾವರದ ಬಸ್ ಸ್ಟ್ಯಾಂಡಿನಲ್ಲಿ ಒಂದು ಮೋಟಾರು ಕಂಪನಿಯ ಬುಕಿಂಗ್ ಏಜೆಂಟ. ಟಿಕೀಟು ಹರಿಯುವುದು ನನ್ನ ಕೆಲಸದ ಅರ್ಧ, ಉಳಿದರ್ಧ ಕೂಗುವುದು. "ಕುಮಟಾ ಕುಮಟಾ ಕುಮಟಾ" ಎಂದು ನಾನು ಶುರು ಮಾಡಿದರೆ ಬಂದರಿನಲ್ಲಿ ದೋಣಿ ಇಳಿಯುತ್ತಿದ್ದವರು ಓಡಿ ಬರುತ್ತಿದ್ದರು. ಜಟ್ಟಣ್ಣ ಒಂದು ದಿನ ಕಟ್ಟೆಯ ಮೇಲೆ ಕೂತು ಬೀಡಿ ಮುಗಿಯುವವರೆಗೂ ನನ್ನ ಕೂಗು ಕೇಳಿದ. ಆಮೇಲೆ ಎದ್ದು ಬಂದು, ಸಂಜೆ ಮೈದಾನಕ್ಕೆ ಬಾ ಅಂದ. ನನ್ನ ಮೈಕಟ್ಟು ನೋಡಿ ಮೆಚ್ಚಿದ್ದಾನೆ ಎಂದು ಬೀಗಿ ಹೋದೆ. ನನ್ನನ್ನು ಬ್ಯಾಕ್ ಆಗಿ ಗೋಲಿನ ಮುಂದೆ ನಿಲ್ಲಿಸಿದ.

ಯಾಕೆ ಆರಿಸಿದೆ ಎಂದು ಎಷ್ಟೋ ದಿನದ ಮೇಲೆ ಕೇಳಿದ್ದಕ್ಕೆ, "ಗಂಟಲು ನೋಡಿ," ಅಂದ. "ಹಿಂದೆ ನಿಂತವ್ನಿಗೆ ಇಡೀ ಆಟ ಕಾಣ್ತದೆ. ಕಂಡದ್ದು ಮುಂದಿನವ್ರಿಗೆ ಹೇಳೂಕೆ ದನಿ ಬೇಕು. ಕಾಲು ನಾ ಮಾಡ್ಕೊಡ್ತೆ. ಗಂಟಲು ಮಾಡೂಕೆ ಬತ್ತಿಲ್ಲ."

ಆಗಿನ ಚೆಂಡಿನ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ದಪ್ಪ ಚರ್ಮದ ಚೆಂಡು, ಹೊಟ್ಟೆಯ ಮೇಲೆ ಬಾಯಿ, ಆ ಬಾಯಿಗೆ ಚರ್ಮದ ದಾರದ ಹೊಲಿಗೆ. ಹೊಲಿಗೆ ಇರುವ ಕಡೆ ತಲೆ ಕೊಟ್ಟವನ ಹಣೆಯ ಮೇಲೆ ವಾರಗಟ್ಟಲೆ ಅಡ್ಡನಾಮ. ಇಬ್ಬನಿಗೆ ನೆಂದರೆ ಹಲಸಿನ ಹಣ್ಣಿನ ತೂಕ. ನೀರು ಕುಡಿಯದಿರಲಿ ಎಂದು ಜಟ್ಟಣ್ಣ ಅದಕ್ಕೆ ದೋಣಿಗೆ ಬಳಿಯುವ ಮೀನೆಣ್ಣೆ ತಿಕ್ಕುತ್ತಿದ್ದ. ಚೆಂಡೇನೋ ಹಗುರವಾಯಿತು. ಆದರೆ ನಾವು ಆಡುವಾಗ ಹೊನ್ನಾವರದ ನಾಯಿಗಳೆಲ್ಲ ಗೆರೆಯ ಹೊರಗೆ ಸಾಲಾಗಿ ಕೂರುತ್ತಿದ್ದವು. ಗೋಲು ಕಾಯುವ ನಮ್ಮ ಗೋಲಿ ತೋಟದ ಸೀಮೆಯಿಂದ ಬಂದ ಭಟ್ಟರ ಪೈಕಿಯವನು. "ಎಂತಾ ನಾತವೋ ಮಾರಾಯ, ಹಿಡಿಯಲೆ ಎಡಿತಿಲ್ಲೆ" ಎನ್ನುತ್ತ ಚೆಂಡು ಹಿಡಿಯದೆ ಗುದ್ದಿ ಗುದ್ದಿಯೇ ಆಚೆ ಕಳಿಸುವುದನ್ನು ಕಲಿತ. ಅದೇ ಮುಂದೆ ನಮಗೆ ಅನುಕೂಲವಾಯಿತು ಎನ್ನಿ.

ಪ್ರಾಕ್ಟೀಸು ಬೆಳಗಿನ ಜಾವ, ಹೊಳೆಯಾಚೆ ಕಾಸರಕೋಡಿನ ಮರಳಿನ ಮೇಲೆ. ಶರಾವತಿಗೆ ಆಗ ಸೇತುವೆ ಇಲ್ಲ. ಮೊದಲ ದೋಣಿಗೆ ದಾಟಿ, ಮರಳಿನಲ್ಲಿ ಕಣಕಾಲಿನವರೆಗೆ ಹೂತುಕೊಂಡು ಓಡಿ, ಬಿಸಿಲೇರುವ ಮುಂಚೆ ವಾಪಸು ಬಂದು ನಾನು ಬಸ್ಸು ಕೂಗಬೇಕು. ಮರಳಿನಲ್ಲಿ ಓಡಿದವನಿಗೆ ಮೈದಾನ ಸಿಮೆಂಟಿನ ಹಾಗೆ ಎನ್ನುವುದು ಜಟ್ಟಣ್ಣನ ಲೆಕ್ಕ. ನಿಯಮ ಒಂದೇ ಒಂದು. ಬೆಳಿಗ್ಗೆ ಬಾರದವ ಸಂಜೆ ಆಡೂಕಿಲ್ಲ. ಅವನ ಹೆಂಡತಿ ಮಾದೇವಕ್ಕ ಹೊನ್ನಾವರದ ಪೇಟೆಯಲ್ಲಿ ಮೀನು ಮಾರುತ್ತಿದ್ದಳು. ನಾವು ದೋಣಿ ಇಳಿಯುವಾಗ ಆಕೆ ಬುಟ್ಟಿ ಹೊತ್ತು ಬಂದರಿನಲ್ಲಿರುತ್ತಿದ್ದಳು. "ಎಲ್ಲಾ ಬಂದಿದ್ರಾ ಇಂದು?" ಎಂದು ಅವನನ್ನು ಕೇಳುತ್ತಿದ್ದಳು. ಅದೊಂದೇ ಆಕೆ ಫುಟ್‌ಬಾಲಿನ ವಿಷಯದಲ್ಲಿ ಕೇಳುತ್ತಿದ್ದ ಪ್ರಶ್ನೆ.

ಮೊದಲ ವರ್ಷವೇ ನಾವು ಕುಮಟೆಯ ಶೀಲ್ಡ್ ಗೆದ್ದೆವು. ಗೆಲ್ಲಿಸಿದವನು ಅಂತೋನ್, ನಮ್ಮ ಮುಂದಿನ ಸಾಲಿನ ಆಟಗಾರ, ಹೊನ್ನಾವರದ ಬಡಗಿಯೊಬ್ಬರ ಮಗ. ಚೆಂಡು ಅವನ ಕಾಲಿಗೆ ಬಂತೆಂದರೆ ಸಾಕಿದ ಬೆಕ್ಕಿನ ಹಾಗೆ ಸುತ್ತುತ್ತಿತ್ತು. ನನ್ನ ಕೊಡುಗೆ ಎಂದರೆ, ಸಿಕ್ಕಿದ ಚೆಂಡನ್ನೆಲ್ಲ ಪಕ್ಕದ ನೀರುಳ್ಳಿ ಗದ್ದೆಗೆ ಒದ್ದದ್ದು. ಗದ್ದೆಯ ಯಜಮಾನ ಕಡೆಗೆ ದೊಣ್ಣೆ ಹಿಡಿದು ಗೆರೆಯ ಹತ್ತಿರವೇ ಬಂದು ನಿಂತಿದ್ದ. ಆಟ ಮುಗಿದ ಮೇಲೆ ಜನ ಜಟ್ಟಣ್ಣನನ್ನು ಹೆಗಲ ಮೇಲೆ ಹೊತ್ತರು. ಸಾಹುಕಾರರು ಶೀಲ್ಡನ್ನು ಹೊನ್ನಾವರಕ್ಕೆ ಒಯ್ಯುವ ಮೊದಲು ಭಾವನ ಮನೆಯ ಮುಂದೆ ಮೆರವಣಿಗೆ ನಿಲ್ಲಿಸಿ, ವಾದ್ಯದವರಿಗೆ ಇನ್ನೂ ಸ್ವಲ್ಪ ಜೋರಾಗಿ ಬಾರಿಸಲು ಹೇಳಿದರು. ಚಾದಂಗಡಿಯಲ್ಲಿ ಕತ್ತೆಯ ಮಾತು ನಿಂತಿತು. ಜಟ್ಟಣ್ಣ ಹೋದಲ್ಲಿ ಚಾ ಪುಕ್ಕಟೆ, ಕ್ಷೌರ ಪುಕ್ಕಟೆ.

ಎರಡನೆಯ ವರ್ಷ ಅಂತೋನ್ ಹೆಚ್ಚುಕಡಿಮೆ ಊರಿನ ಅಳಿಯನಾದ. ಇಂದು ಈ ಮನೆಯಲ್ಲಿ ಊಟ, ನಾಳೆ ಆ ಮನೆಯಲ್ಲಿ. ಬೆಳಗಿನ ದೋಣಿಯಲ್ಲಿ ಅವನ ಜಾಗ ಖಾಲಿ ಬೀಳತೊಡಗಿತು. ಜಟ್ಟಣ್ಣ ಹೇಳಿ ನೋಡಿದ. ಅಂತೋನ್ ಕೊಂಕಣಿಯಲ್ಲಿ "ಯೆತಾಂ, ಯೆತಾಂ" ಅನ್ನುತ್ತಿದ್ದ. ಬರುತ್ತೇನೆ ಎಂದು ಅದರ ಅರ್ಥ. ಬರುತ್ತಿರಲಿಲ್ಲ. ಶೀಲ್ಡು ಕುಮಟೆಯದಾದರೂ ಪಂದ್ಯಗಳು ಊರೂರ ಸರದಿಯಲ್ಲಿ ನಡೆಯುತ್ತಿದ್ದವು; ಆ ವರ್ಷ ಕೊನೆಯ ಪಂದ್ಯ ನಮ್ಮದೇ ಮೈದಾನದಲ್ಲಿ, ಭಟ್ಕಳದವರ ಎದುರು. ಹಿಂದಿನ ವಾರವಿಡೀ ಅಂತೋನ್ ಮರಳಿಗೆ ಕಾಲಿಟ್ಟಿರಲಿಲ್ಲ. ಪಂದ್ಯದ ಸಂಜೆ ಜಟ್ಟಣ್ಣ ಹನ್ನೊಂದು ಹೆಸರು ಓದಿದ. ಅಂತೋನನ ಹೆಸರು ಅದರಲ್ಲಿರಲಿಲ್ಲ.

ಆಗೆಲ್ಲ ನಡುವೆ ಆಟಗಾರರನ್ನು ಬದಲಿಸುವಂತಿರಲಿಲ್ಲ. ಇಳಿದ ಹನ್ನೊಂದು ಮಂದಿಯೇ ಕಡೆತನಕ. ಸುದ್ದಿ ಕೇಳಿ ಸಾಹುಕಾರರು ಶಾಮಿಯಾನದಿಂದ ಎದ್ದು, ನಾವು ಬೂಟು ಕಟ್ಟುತ್ತಿದ್ದಲ್ಲಿಗೆ ಬಂದರು.

"ಜಟ್ಟಪ್ಪ, ಅಂತೋನ್ ಆಡ್ಲೇಬೇಕು."

"ಇಂದು ಆಡೂದಿಲ್ಲ ಒಡೆಯ."

"ಊರಿಗೆ ಊರೇ ಅವನ ನೋಡೂಕೆ ಬಂದದೆ."

"ನೋಡ್ಲಿ. ಅಲ್ಲೇ ಬೇಲಿ ಹತ್ರ ಕೂತಿದ್ದ."

ಸಾಹುಕಾರರ ಮುಖ ಕೆಂಪಾಯಿತು. "ಸೋತ್ರೆ?" ಅಂದರು.

ಜಟ್ಟಣ್ಣ ಗೋಲಿ ಭಟ್ಟನ ಲೇಸು ಬಿಗಿಯುತ್ತಿದ್ದ. ತಲೆಯೆತ್ತಿ ಹೇಳಿದ: "ಸೋತ್ರೆ ಸೋತದ್ದು ನಾನು. ಇವ್ರು ದಿನಾ ಬೆಳಗಾತ ಬಂದವ್ರು. ಬಂದವ್ನ ಕೂರ್ಸಿ ಬಾರದವ್ನ ಆಡ್ಸಿದ್ರೆ, ನಾಳೆ ದೋಣಿ ಹತ್ತೂಕೆ ಯಾರಿರ್ತ್ರು?"

ನಾವು ಸೋತೆವು, ಒಂದೇ ಗೋಲಿನಿಂದ. ಭಟ್ಕಳದ ಒಬ್ಬ ತೆಳ್ಳಗಿನ ಹುಡುಗ ನನ್ನನ್ನು ಎಡಕ್ಕೆ ತಿರುಗಿಸಿ ಬಲಕ್ಕೆ ಹೋದ. ನಾನು ತಿರುಗಿ ನೋಡುವಷ್ಟರಲ್ಲಿ ಅವನನ್ನು ಎತ್ತಿ ಕುಣಿಸುತ್ತಿದ್ದರು. ಜನರು ನನ್ನನ್ನು ಬಯ್ಯಲಿಲ್ಲ. ನನ್ನಿಂದ ಯಾರೂ ಹೆಚ್ಚಿನದನ್ನು ನಿರೀಕ್ಷಿಸಿರಲಿಲ್ಲ. ಬೈಗುಳವೆಲ್ಲ ಜಟ್ಟಣ್ಣನಿಗೆ ಹೋಯಿತು. ಭಟ್ಕಳದವ ಭಟ್ಕಳಕ್ಕೇ ಗೆಲ್ಲಿಸಿಕೊಟ್ಟ ಎಂದರು. ಮರುದಿನ ಬೆಳಿಗ್ಗೆ ಮಿಲ್ಲಿನ ವಾಚ್‌ಮನ್ ಬಂದು, ಕೋಣೆ ಖಾಲಿ ಮಾಡಬೇಕಂತೆ ಎಂದು ಹೇಳಿ ಹೋದ. ಸಾಹುಕಾರರು ಎದುರಿಗೆ ಬರಲಿಲ್ಲ.

ನಾನು ಜಟ್ಟಣ್ಣನ ಹಾಸಿಗೆಯ ಸುರುಳಿ ಹೊತ್ತು ಬಂದರಿನ ತನಕ ಹೋದೆ. ದೋಣಿಯಲ್ಲಿ ಕೂತವರು ಅವನಿಗೆ ಜಾಗ ಬಿಡದೆ ಹೊಳೆ ನೋಡುತ್ತ ಕೂತರು. ಅವನು ಹುಟ್ಟು ಹಾಕುವವನ ಹತ್ತಿರ ನಿಂತುಕೊಂಡ. ಮಾದೇವಕ್ಕ ಬುಟ್ಟಿಯನ್ನು ಬೋರಲು ಹಾಕಿ ಅದರ ಮೇಲೆ ಕೂತಳು. ದೋಣಿ ಬಿಟ್ಟಾಗ ಜಟ್ಟಣ್ಣ ನನಗೆ ಹೇಳಿದ್ದು ಇಷ್ಟೇ: "ಎಡಗಾಲಲ್ಲಿ ಒದೆಯೂದು ಕಲಿ ಹಮ್ಮಣ್ಣ. ನಿಂಗೆ ಎಡ ಇಲ್ಲವೇ ಇಲ್ಲ."

ಮುಂದಿನ ವರ್ಷ ಭಟ್ಕಳದ ಕ್ಲಬ್ಬಿನವರು ಅವನನ್ನು ಹಾರ ಹಾಕಿ ಕರೆದರು. ತಮ್ಮೂರ ಮಗ ಎಂಬ ಅಭಿಮಾನ. ಅವರು ಮುಟ್ಟಳ್ಳಿಯಲ್ಲಿ ಕೊಯ್ಲಾದ ಗದ್ದೆಯೊಂದರಲ್ಲಿ ಪ್ರಾಕ್ಟೀಸು ಮಾಡುತ್ತಿದ್ದರು. ಟೀಮು ಒಂದು ಹದಕ್ಕೆ ಬರುವಷ್ಟರಲ್ಲಿ ಗದ್ದೆಯವರು ಉದ್ದು ಬಿತ್ತಿದರು. ಬೇರೆ ಜಾಗ ಹುಡುಕುವುದರೊಳಗೆ ಟೀಮು ಎರಡು ಪಂದ್ಯ ಸೋತಿತು, ಅಭಿಮಾನವೂ ಮುಗಿಯಿತು. ಒಂದು ಸಂಜೆ ಹೋಗಿ ನೋಡಿದರೆ ಚೆಂಡು, ಬೂಟು ಇಡುವ ಕೋಣೆಗೆ ಹೊಸ ಬೀಗ. ಕೀಲಿ ಯಾರ ಹತ್ತಿರ ಎಂದು ಕೇಳಿದರೆ ಎಲ್ಲರೂ ಇನ್ನೊಬ್ಬರ ಹೆಸರು ಹೇಳಿದರು. ಜಟ್ಟಣ್ಣ ವಿಷಯ ತಿಳಿದುಕೊಂಡು ಮನೆಗೆ ಹೋದ. ಮರುದಿನ ಅಣ್ಣತಮ್ಮಂದಿರ ದೋಣಿಯಲ್ಲಿ ಬಲೆಗೆ ಕೈ ಹಾಕಿದ. ದಂಡೆಯ ಮೇಲೆ ಹರಟುತ್ತಿದ್ದವರು "ಕೋಚಪ್ಪ ಬಂದ" ಎಂದು ದಾರಿ ಬಿಡುತ್ತಿದ್ದರಂತೆ. ಮೊಣಕಾಲಿಗೆ ಸಮುದ್ರದ ಥಂಡಿ ಆಗದು. ಆದರೂ ಹೋಗುತ್ತಿದ್ದ.

ಇಷ್ಟರಲ್ಲಿ ಕಂಪನಿ ನನ್ನನ್ನು ಕುಮಟೆಗೆ ಹಾಕಿತು. ಕುಮಟೆಯಲ್ಲಿ ನಿಂತು "ಹೊನ್ನಾವರ ಹೊನ್ನಾವರ" ಎಂದು ಕೂಗುವುದು ಮೊದಮೊದಲು ನಾಲಿಗೆಗೆ ಕಷ್ಟವಾಯಿತು. ಅಲ್ಲೊಂದು ಟೀಮಿತ್ತು. ಪೇಟೆಯ ಹಮಾಲರು, ಕಾಲೇಜಿನ ಹುಡುಗರು, ಈಗ ನಾನು. ಶೀಲ್ಡ್ ನಡೆಸುವ ಊರಾದರೂ ತಾನು ಗೆದ್ದ ನೆನಪು ಊರಿಗಿರಲಿಲ್ಲ. ಕ್ಲಬ್ಬಿನ ಅಧ್ಯಕ್ಷರು ಕಿರಾಣಿ ಅಂಗಡಿಯ ಪ್ರಭುಗಳು. ಮೃದು ಮನುಷ್ಯ, ತೂಕದಲ್ಲಿ ಒಂದು ಹಿಡಿ ಹೆಚ್ಚೇ ಹಾಕುವವರು. ನಾನು ಜಟ್ಟಣ್ಣನ ಹೆಸರೆತ್ತಿದೆ. "ಹೊನ್ನಾವರದವ್ರೂ ಬಿಟ್ಟವ, ಭಟ್ಕಳದವ್ರೂ ಬಿಟ್ಟವ," ಎಂದು ಕಮಿಟಿಯಲ್ಲೊಬ್ಬರು ರಾಗ ತೆಗೆದರು. "ನಾವೂ ಒಂದ್ಸಲ ನೋಡಿ ಬಿಡುವ," ಅಂದರು ಪ್ರಭುಗಳು.

ಕರೆಯಲು ನನ್ನನ್ನೇ ಕಳಿಸಿದರು. ನಾನು ಭಟ್ಕಳದ ದಂಡೆಗೆ ಹೋದಾಗ ಜಟ್ಟಣ್ಣ ಮರಳಿನ ಮೇಲೆ ಕಾಲು ಚಾಚಿ ಹರಿದ ಬಲೆ ಹೆಣೆಯುತ್ತಿದ್ದ. ನಾನು ಮಾತು ಮುಗಿಸುವ ಮುಂಚೆ ಮಾದೇವಕ್ಕ ಉತ್ತರ ಕೊಟ್ಟಳು.

"ಮತ್ತೆ ಓಡ್ಸೂಕೆ ಕರೀತ್ರಾ ತಮಾ?"

ನಾನು ಬಲೆಯ ಒಂದು ತುದಿ ಹಿಡಿದು ಕೂತೆ.

"ಟೀಮು ಆರ್ಸೂದು ನಾನೊಬ್ನೇ," ಅಂದ ಜಟ್ಟಣ್ಣ, ಬಲೆಯಿಂದ ಕಣ್ಣೆತ್ತದೆ. "ಅಧ್ಯಕ್ಷರಾದ್ರೂ ಅದ್ರಲ್ಲಿ ಬಾಯಿ ಹಾಕೂಕಿಲ್ಲ."

"ಆತು," ಅಂದೆ.

"ನಂದೂ ಒಂದು ಮಾತದೆ," ಅಂದಳು ಮಾದೇವಕ್ಕ. "ಹೊನ್ನಾವರದವ್ರು ವಾಚ್‌ಮನ್‌ನ ಕಳ್ಸಿದ್ರು. ಇಲ್ಲಿಯವ್ರು ಬೀಗ ಹಾಕಿದ್ರು. ನೀವು ಬೇಡ ಅಂಬುದಾದ್ರೆ ಇವ್ರನ್ನ ಎದ್ರಿಗೆ ನಿಲ್ಸ್ಕಂಡು, ಮೋರೆ ನೋಡಿ ಹೇಳ್ಬೇಕು. ಸೋತದ್ದಕ್ಕೆ ನಾಚ್ಕೆ ಇಲ್ಲ. ಕದ್ದವ್ರ ಹಾಂಗೆ ಹೊರಗೆ ಹಾಕೂದು ಬೇಡ. ಅಷ್ಟು ಮಾತು ಕೊಟ್ರೆ ಕರ್ಕಂಡು ಹೋಗು."

ನಾನು ಕೊಟ್ಟೆ. ಕುಮಟೆಗೆ ಬಂದು ಪ್ರಭುಗಳಿಗೆ ಹೇಳಿದಾಗ, ಅದೇನು ದೊಡ್ಡ ವಿಷಯ ಎಂದು ಅವರೂ ಒಪ್ಪಿದರು.

ಜಟ್ಟಣ್ಣ ಬಂದ. ನಾವು ಸೋತೆವು. ಅಂಕೋಲೆಯವರ ಕೈಯಲ್ಲಿ ಸೋತೆವು, ಕಾರವಾರದವರ ಕೈಯಲ್ಲಿ ಸೋತೆವು, ಸ್ನೇಹದ ಪಂದ್ಯವೆಂದು ಕರೆದವರ ಕೈಯಲ್ಲೂ ಸೋತೆವು. ಹಮಾಲರು ಹಗಲಿಡೀ ಮೂಟೆ ಹೊತ್ತವರು; ಸಮುದ್ರ ದಂಡೆಯ ಮರಳಿನಲ್ಲಿ ಅವರ ಕಾಲು ಏಳುತ್ತಿರಲಿಲ್ಲ. ಕಾಲೇಜಿನವರಿಗೆ ಬೆಳಗಾಗುವುದೇ ತಡ. ಆದರೆ ಜಟ್ಟಣ್ಣನಿಗೆ ಅವಸರವಿರಲಿಲ್ಲ. ಸೋತ ಪ್ರತಿ ಆಟದ ಮರುದಿನ ಒಂದೇ ಒಂದು ಸಂಗತಿ ಹಿಡಿದು ತಿದ್ದುತ್ತಿದ್ದ. ಒಂದು ವಾರ ಬರೀ ಎಸೆತ. ಒಂದು ವಾರ ಬರೀ ಚೆಂಡಿಲ್ಲದಾಗ ಎಲ್ಲಿ ನಿಲ್ಲಬೇಕೆಂಬುದು. ನನ್ನ ಎಡಗಾಲಿಗೆ ಒಂದು ತಿಂಗಳು ಕೊಟ್ಟ. ಅದು ಕಲಿಯಲಿಲ್ಲ, ಆದರೆ ಕಲಿತ ಹಾಗೆ ನಟಿಸುವುದನ್ನು ರೂಢಿಸಿಕೊಂಡಿತು.

ಕಮಿಟಿಯ ತಾಳ್ಮೆ ತೀರಿತು. ಪ್ರಭುಗಳ ಅಂಗಡಿಯ ಹಿಂದೆ ಬೆಲ್ಲದ ಪೆಂಟೆಗಳ ನಡುವೆ ಸಭೆ ಸೇರಿತು. ಆಟಗಾರರ ಪರವಾಗಿ ನಾನೂ ಇದ್ದೆ. ತೆಗೆಯುವುದೆಂದು ಎಲ್ಲರೂ ಒಮ್ಮತಕ್ಕೆ ಬಂದರು. ಒಬ್ಬರು, ಮೋಟಾರು ಸ್ಟ್ಯಾಂಡಿನ ಕೂಲಿಯ ಹತ್ತಿರ ಹೇಳಿ ಕಳಿಸಿದರಾಯಿತು ಎಂದರು. ನಾನು ಮಾದೇವಕ್ಕನಿಗೆ ಕೊಟ್ಟ ಮಾತು ನೆನಪಿಸಿದೆ. ಪ್ರಭುಗಳು ನಿಟ್ಟುಸಿರುಬಿಟ್ಟು, ಕರೆಸಿ ಎಂದರು.

ಜಟ್ಟಣ್ಣ ಬಂದು ಬಾಗಿಲ ಹತ್ತಿರ ನಿಂತ. ಯಾಕೆ ಕರೆಸಿದ್ದೆಂದು ಅವನಿಗೆ ಗೊತ್ತಿತ್ತು.

"ಕೂತ್ಕೋ ಜಟ್ಟಪ್ಪ," ಅಂದರು ಪ್ರಭುಗಳು.

"ನಿಂತ್ಕಂಡೇ ಕೇಳ್ತೆ. ಹೇಳಿ."

ಪ್ರಭುಗಳು ಅವನ ಮುಖ ನೋಡಿದರು. ಬಿಸಿಲಿಗೆ ಸುಟ್ಟ ಮುಖ, ಮೀಸೆಯ ಮೇಲೆ ಉಪ್ಪು. ಅವರ ಕಣ್ಣು ತಕ್ಕಡಿಯ ಮೇಲೆ ಹೋಯಿತು. "ಅಲ್ಲ, ಎಂತ ಅಂದ್ರೆ, ಆಟ ಅಂದ್ಮೇಲೆ ಸೋಲು ಗೆಲುವು ಇದ್ದದ್ದೇ," ಎಂದು ಶುರು ಮಾಡಿದರು.

"ಅದು ಹೇಳೂಕೆ ಕರ್ಸಿಲ್ಲ ನೀವು," ಅಂದ ಜಟ್ಟಣ್ಣ. ಸಿಟ್ಟಿರಲಿಲ್ಲ. "ಯಾವ್ದಕ್ಕೆ ಕರ್ಸಿದ್ರಿ, ಅದ್ನ ಹೇಳಿ. ನಾ ಇಲ್ಲೇ ಇದ್ದೆ."

ಪ್ರಭುಗಳು ಪಕ್ಕದವರನ್ನು ನೋಡಿದರು. ಪಕ್ಕದವರು ಅವರ ಪಕ್ಕದವರನ್ನು. ಕೂಲಿಯ ಹತ್ತಿರ ಹೇಳಿ ಕಳಿಸಿದರಾಯಿತು ಎಂದವರು ಬೆಲ್ಲದ ಮೇಲಿನ ನೊಣ ಓಡಿಸುವುದರಲ್ಲಿ ಮಗ್ನರಾದರು. ಹೊರಗೆ ಯಾರೋ ಪಾವಕ್ಕಿ ಕೇಳುತ್ತಿದ್ದದ್ದು ಸ್ಪಷ್ಟವಾಗಿ ಕೇಳುತ್ತಿತ್ತು. ಮನುಷ್ಯನೊಬ್ಬ ಎದುರಿಗೆ ನಿಂತು ಕಾಯುತ್ತಿರುವಾಗ, ನೀನು ಬೇಡ ಎನ್ನುವ ಎರಡು ಶಬ್ದ ಅಷ್ಟು ಜನರ ಬಾಯಿಯಲ್ಲಿ ಒಬ್ಬರಿಗೂ ಬರಲಿಲ್ಲ.

"ಚಾ ಕುಡೀತ್ಯಾ?" ಎಂದು ಕೇಳಿದರು ಪ್ರಭುಗಳು ಕೊನೆಗೆ.

"ಕುಡೀತೆ."

ಚಾ ಬಂತು. ಜಟ್ಟಣ್ಣ ನಿಂತೇ ಕುಡಿದ. ಕಪ್ಪನ್ನು ಬಾಗಿಲ ಪಕ್ಕ ಇಟ್ಟು, "ಹಂಗಾರೆ ನಾಳೆ ಬೆಳಗಾತ ಪ್ರಾಕ್ಟೀಸ್ ಅದೆ. ನಾ ಹೋತೆ," ಎಂದು ಹೊರಟ. ನಾನೂ ಹಿಂದೆಯೇ ಎದ್ದೆ. ರಸ್ತೆಯ ತಿರುವಿನಲ್ಲಿ ಅವನು ಗೋಡೆಗೆ ಕೈ ಊರಿ ಸ್ವಲ್ಪ ಹೊತ್ತು ನಿಂತದ್ದನ್ನು ನಾನು ನೋಡಿದೆ. ಹತ್ತಿರ ಹೋಗಲಿಲ್ಲ.

ಅದಾದ ಮೇಲೆ ಒಂದು ಬೆಳಿಗ್ಗೆ ಹೊನ್ನಾವರದಿಂದ ಬಂದ ಮೊದಲ ಬಸ್ಸಿನಿಂದ ಅಂತೋನ್ ಇಳಿದ. ಕೈಯಲ್ಲಿ ಬೂಟು. ಹೊನ್ನಾವರದವರು ಮಂಗಳೂರ ಕಡೆಯಿಂದ ಹೊಸ ಆಟಗಾರನನ್ನು ತರಿಸಿದ ಮೇಲೆ ಇವನ ಊಟದ ಮನೆಗಳು ಕಡಿಮೆಯಾಗಿದ್ದವು. ನಾನು ದಂಡೆಗೆ ಕರೆದುಕೊಂಡು ಹೋದೆ. ಜಟ್ಟಣ್ಣ ಹಳೆಯದೇನನ್ನೂ ಎತ್ತಲಿಲ್ಲ. "ಬೆಳಿಗ್ಗೆ ಬಂದ್ರೆ ಆಡ್ಬಹುದು," ಅಂದ. ಅಂತೋನ್ ಈ ಸಲ ಯೆತಾಂ ಅನ್ನಲಿಲ್ಲ; ಸುಮ್ಮನೆ ದಿನಾ ಬಂದ. ಅದನ್ನು ನಾನು ಖಾತ್ರಿಯಿಂದ ಹೇಳಬಲ್ಲೆ. ಮೊದಲ ಬಸ್ಸಿನ ಬಾಗಿಲು ತೆಗೆಯುತ್ತಿದ್ದವನು ನಾನೇ.

ಗೆಲುವು ಬರತೊಡಗಿತು. ಮೊದಲು ಮೆಲ್ಲಗೆ, ಆಮೇಲೆ ನಮಗೇ ಅಭ್ಯಾಸವಾಗುವಷ್ಟು. ಮೂಟೆ ಹೊರುವ ಕಾಲುಗಳು ಮರಳಿಗೆ ಒಗ್ಗಿದ ಮೇಲೆ ಅವರನ್ನು ತಳ್ಳಿ ಚೆಂಡು ಒಯ್ಯುವವರು ಇರಲಿಲ್ಲ. ಮುಂದಿನ ಶೀಲ್ಡಿನಲ್ಲಿ ನಾವು ಕೊನೆಯ ಪಂದ್ಯಕ್ಕೆ ಬಂದೆವು. ಎದುರಿಗೆ ಹೊನ್ನಾವರ. ಆಟವೂ ಹೊನ್ನಾವರದಲ್ಲೇ.

ಪಂದ್ಯದ ಹಿಂದಿನ ದಿನ ನಾನು ಕೂಗುತ್ತಿರುವಾಗ ಜಟ್ಟಣ್ಣ ಸ್ಟ್ಯಾಂಡಿಗೆ ಬಂದ. ಬಸ್ಸು ಹೊರಡುವ ತನಕ ಕಾದ. ಆಮೇಲೆ ನನ್ನೆದುರಿಗೆ ನಿಂತು ಹೇಳಿದ:

"ಹಮ್ಮಣ್ಣ, ನಾಳೆ ನೀ ಆಡೂದಿಲ್ಲ."

ನನಗೆ ಅರ್ಥವಾಗಲಿಲ್ಲ. "ಎಂತಕ್ಕೆ?"

"ಕಾಲು ನಿಧಾನ ಆತು. ಅವ್ರ ಬಲಗಡೆ ಹುಡುಗ ನಿನ್ನ ದಾಟಿ ಹೋಗ್ತ."

"ನಾ ಒಂದು ದಿನ ತಪ್ಪಿಸ್ಲಿಲ್ಲ ಜಟ್ಟಣ್ಣ. ಮಳೆಗೂ ತಪ್ಪಿಸ್ಲಿಲ್ಲ."

"ತಪ್ಪಿಸ್ಲಿಲ್ಲ," ಅಂದ. "ಅದ್ಕೇ ನಾನೇ ಬಂದು ಹೇಳ್ತೆ."

ಅವನ ಕಣ್ಣು ಅತ್ತಿತ್ತ ಹೋಗಲಿಲ್ಲ. ನನಗೆ ಸಿಟ್ಟು ಬಂತು, ಅಳುವೂ ಬಂತು. ಎರಡನ್ನೂ ನುಂಗಿ ಮುಂದಿನ ಬಸ್ಸಿಗೆ ಕೂಗಲು ಬಾಯಿ ತೆರೆದರೆ ದನಿಯೇ ಹೊರಡಲಿಲ್ಲ. ಶಿರಸಿಗೆ ಹೋಗುವವರು ಹೊನ್ನಾವರದ ಬಸ್ಸು ಹತ್ತಿದರು.

ಹೋಗಲೇಬಾರದು ಎಂದುಕೊಂಡೆ. ಮರುದಿನ ಎಲ್ಲರಿಗಿಂತ ಮೊದಲು ಹೊರಟವನು ನಾನೇ. ಜಟ್ಟಣ್ಣ ನನ್ನನ್ನು ಗೆರೆಯ ಹೊರಗೆ, ನಮ್ಮ ಗೋಲಿನ ಪಕ್ಕ ನಿಲ್ಲಿಸಿದ. "ಬ್ಯಾಕಿನವ್ರಿಗೆ ನಿನ್ ದನಿ ಕೇಳಿ ರೂಢಿ ಆಗ್ಯದೆ. ಕಂಡದ್ದು ಹೇಳ್ತಾ ಇರು." ನಾನು ಆಟದುದ್ದಕ್ಕೂ ಕೂಗಿದೆ. ಹ್ವಾಯ್, ಎಡಕ್ಕೆ, ಬಿಡಬೇಡ, ಹಿಂದೆ ನೋಡು. ನನ್ನ ಜಾಗದಲ್ಲಿ ಆಡಿದ ಕಾಲೇಜಿನ ಹುಡುಗ, ಆ ಬಲಗಡೆಯ ಗಾಳಿಯಂಥ ಆಟಗಾರನ ಬೆನ್ನು ಬಿಡಲಿಲ್ಲ. ಅವನು ಹಾಗೆ ಓಡುವುದನ್ನು ನೋಡಿದಾಗ ಜಟ್ಟಣ್ಣ ಹೇಳಿದ್ದು ಸರಿ ಎಂದು ನನ್ನ ತಲೆಗೆ ಹೊಕ್ಕಿತು. ಎದೆಗೆ ಹೊಗಲು ಇನ್ನೂ ಕೆಲವು ವರ್ಷ ಹಿಡಿಯಿತು.

ಅಂತೋನನ ಕಾಲಿಗೆ ಚೆಂಡು ಸಿಕ್ಕಾಗಲೆಲ್ಲ ಅವನ ಊರಿನವರೇ ಕೂಗಿ ಹಳಿದರು. ಕೊನೆಕೊನೆಗೆ ಗೋಲಿನ ಮುಂದೆ ಅವನಿಗೊಂದು ಅವಕಾಶ ಸಿಕ್ಕಿತು. ಒದ್ದು ಬಾಯಿ ಮುಚ್ಚಿಸಬಹುದಿತ್ತು. ಅವನು ಒದೆಯಲಿಲ್ಲ, ತನಗಿಂತ ಸರಿಯಾದ ಜಾಗದಲ್ಲಿ ಓಡಿ ಬರುತ್ತಿದ್ದ ಹಮಾಲನಿಗೆ ಚೆಂಡು ಸರಿಸಿಕೊಟ್ಟ. ಹಮಾಲ ಮೂಟೆ ಇಳಿಸಿದ ಹಾಗೆ ಅದನ್ನು ಗೋಲಿನೊಳಗೆ ಇಳಿಸಿದ. ಅದೇ ಆಟದ ಒಂದೇ ಗೋಲು.

ಪಂದ್ಯ ಮುಗಿದ ಮೇಲೆ ಸಾಹುಕಾರರು ಬಂದರು. ಕೂದಲು ಬೆಳ್ಳಗಾಗಿತ್ತು. "ಬರೂ ವರ್ಷ ನಮ್ಮಲ್ಲಿಗೆ ಬಾ ಜಟ್ಟಪ್ಪ. ಆ ಕೋಣೆ ಹಾಂಗೇ ಅದೆ," ಎಂದರು.

"ಕುಮಟೆಯವ್ರು ನನ್ನ ಓಡ್ಸಿಲ್ಲ ಒಡೆಯ," ಅಂದ ಜಟ್ಟಣ್ಣ. "ಓಡ್ಸದೆ ನಾ ಹೆಂಗೆ ಬರೂದು?"

ಸಾಹುಕಾರರು ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

ಇಲ್ಲಿಗೆ ನಿಲ್ಲಿಸಿದರೆ ಕಥೆ ಚೆಂದವಾಗಿರುತ್ತದೆ. ಆದರೆ ಮುಂದಿನ ವರ್ಷ ನಾವು ಮೊದಲ ಪಂದ್ಯದಲ್ಲೇ ಬಿದ್ದೆವು. ಅದೂ ಭಟ್ಕಳದಲ್ಲಿ, ಜಟ್ಟಣ್ಣನ ನೆಂಟರಿಷ್ಟರ ಎದುರಿಗೆ, ಗಡ್ಡ ಮೂಡದ ಹುಡುಗರ ಕೈಯಲ್ಲಿ, ಎಣಿಸಲು ನಾಚಿಕೆಯಾಗುವಷ್ಟು ಗೋಲಿನಿಂದ. ವಾಪಸು ಬರುವಾಗ ಹೊಳೆ ದಾಟಿ ಬಸ್ಸು ಹತ್ತಿದೆವು. ಪ್ರಭುಗಳು ಕಿಟಕಿಯ ಹೊರಗೆ ನೋಡುತ್ತ ಕೂತಿದ್ದರು. ಕುಮಟೆಯಲ್ಲಿ ಇಳಿದವರು ಒಬ್ಬೊಬ್ಬರೇ ಕತ್ತಲೆಯಲ್ಲಿ ಕರಗಿದರು. ಪ್ರಾಕ್ಟೀಸಿನ ಮಾತನ್ನು ಜಟ್ಟಣ್ಣನೂ ಎತ್ತಲಿಲ್ಲ.

ಬೆಳಿಗ್ಗೆ ನಾನು ದಂಡೆಗೆ ಹೋದದ್ದು ಅವನೊಬ್ಬನೇ ಇರುತ್ತಾನಲ್ಲ ಎಂದು. ಇದ್ದ. ಬರಿಗಾಲಿನಲ್ಲಿ, ಅಲೆ ಬಂದು ಮುಟ್ಟುವ ಜಾಗದಲ್ಲಿ, ಊರಿಗೆ ಬೆನ್ನು ಹಾಕಿ ನಿಂತಿದ್ದ. ನಾನು ಪಕ್ಕದಲ್ಲಿ ನಿಂತೆ. ಇಬ್ಬರೂ ಸಮುದ್ರ ನೋಡಿದೆವು. ಮಂಜು ಕವಿದು ಸಮುದ್ರವೂ ಸರಿಯಾಗಿ ಕಾಣುತ್ತಿರಲಿಲ್ಲ.

ಹಿಂದೆ ಮರಳಿನಲ್ಲಿ ಹೆಜ್ಜೆ ಸದ್ದಾಯಿತು. ಅಂತೋನ್. ಮೊದಲ ಬಸ್ಸು ಬರುವ ಹೊತ್ತಾಗಿರಲಿಲ್ಲ; ಹಿಂದಿನ ದಿನ ಹೊನ್ನಾವರದಲ್ಲಿ ಇಳಿಯದೆ ಕುಮಟೆಯಲ್ಲೇ ಯಾರ ಮನೆಯ ಜಗಲಿಯಲ್ಲೋ ಮಲಗಿದ್ದನಂತೆ. ಅವನ ಹಿಂದೆ ಹಮಾಲರು ತಲೆಗೆ ರುಮಾಲು ಸುತ್ತಿಕೊಂಡು ಗುಂಪಾಗಿ ಬಂದರು. ಕಾಲೇಜಿನವರು ಆಕಳಿಸುತ್ತ ಬಂದರು. ಎಲ್ಲರೂ ಬಂದು ಏನು ಮಾಡುವುದೆಂದು ತಿಳಿಯದೆ ನಿಂತುಕೊಂಡರು. ಕಟ್ಟಕಡೆಗೆ, ಎಂದೂ ದಂಡೆಗೆ ಇಳಿಯದಿದ್ದ ಪ್ರಭುಗಳು, ಪಂಚೆಯನ್ನು ಮೊಣಕಾಲ ಮೇಲೆ ಎತ್ತಿ ಹಿಡಿದುಕೊಂಡು, ಮರಳಿನಲ್ಲಿ ಎಡವುತ್ತ ಬರುವುದು ಕಾಣಿಸಿತು.

ಜಟ್ಟಣ್ಣ ತಿರುಗಿದ. ಒಬ್ಬೊಬ್ಬರನ್ನೂ ನೋಡಿದ.

"ಎಂತ ನೋಡ್ತಾ ನಿಂತ್ರಿ?" ಅಂದ. "ಓಡಿ."

ಅವರು ಓಡಿದರು. ನಾನೀಗ ಟೀಮಿನಲ್ಲಿರಲಿಲ್ಲ. ಆದರೂ ಅಂಗಿಯ ತೋಳು ಮಡಚಿ ಅವರ ಹಿಂದೆ ಓಡಿದೆ. ಸ್ವಲ್ಪ ದೂರ ಹೋದ ಮೇಲೆ, ನನ್ನ ಬೆನ್ನ ಹಿಂದೆ, ಇನ್ನೂ ಯಾರೋ ಏದುಸಿರು ಬಿಡುತ್ತ ಓಡಿ ಬರುತ್ತಿರುವುದು ಕೇಳಿಸಿತು. ತಿರುಗಿ ನೋಡಿದರೆ ಪ್ರಭುಗಳು.